ರಾಂಚ್ ಸೇರಿದ ಹೆಣ್ಣು, ಹುಡುಕಿಕೊಂಡು ಬರುವ ಗಂಡ: ಕಾದಂಬರಿಯ ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಒಂದು ರೊಮ್ಯಾಂಟಿಕ್ ಸಸ್ಪೆನ್ಸ್ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿ ಕನ್ನಡದ ಹೆಣ್ಣುಮಗಳು, ಮದುವೆಯಾಗಿ ಎಚ್-4 ವೀಸಾದಲ್ಲಿ (ಅಮೆರಿಕದಲ್ಲಿ ಕೆಲಸದ ವೀಸಾ ಇರುವವರ ಗಂಡ ಅಥವಾ ಹೆಂಡತಿಗೆ ಸಿಗುವುದು) ಸಿಯಾಟಲ್‌ಗೆ ಹೋದವಳು. ಗಂಡನ ಹೊಡೆತ ತಾಳಲಾರದೆ ಒಂದು ರಾತ್ರಿ ಕಾರು ಹತ್ತಿ ಹೊರಟು ಮೊಂಟಾನಾ ರಾಜ್ಯದ ಒಂದು ರಾಂಚ್ (ದನ ಸಾಕುವ ದೊಡ್ಡ ಜಮೀನು) ಸೇರುತ್ತಾಳೆ. ಅಲ್ಲಿನ ಕೌಬಾಯ್ ಮತ್ತು ಇವಳ ನಡುವೆ ಪ್ರೀತಿ ಬೆಳೆಯುತ್ತದೆ. ಗಂಡ ಹುಡುಕಿಕೊಂಡು ಬರುತ್ತಾನೆ. ಹತ್ತು ಅಧ್ಯಾಯ ಓದಿದ ಗೆಳತಿಯರದು ಎರಡು ದೂರು. ಪ್ರೀತಿ ಶುರುವಾದ ಕೂಡಲೇ ಭಯ ಮಾಯವಾಗುತ್ತದೆ. ರಾಂಚ್ ಸಿನಿಮಾ ಸೆಟ್ಟಿನ ಹಾಗೆ ಕಾಣುತ್ತದೆ. ಎಲ್ಲಿ ಸರಿಮಾಡಬೇಕು?

ಉತ್ತರ: ಎರಡು ದೂರಿಗೂ ಬೇರು ಒಂದೇ. ನಿಮ್ಮ ಕಥೆಯಲ್ಲಿ ನಾಯಕಿ ರಾಂಚ್ ಮುಟ್ಟಿದ ಗಳಿಗೆಯಿಂದ ಗಂಡ ಏನೂ ಮಾಡುತ್ತಿಲ್ಲ. ಕ್ಲೈಮ್ಯಾಕ್ಸ್ ಹತ್ತಿರ ಬರುವ ತನಕ ಎಲ್ಲೋ ಕೂತು ಕಾಯುತ್ತಾನೆ, ಲೇಖಕರು ಕರೆದಾಗ ಪಿಸ್ತೂಲು ಹಿಡಿದು ಬರುತ್ತಾನೆ. ಹಾಗೆಯೇ ರಾಂಚ್‌ನಲ್ಲೂ ಯಾರೂ ಏನೂ ಮಾಡುತ್ತಿಲ್ಲ. ಕುದುರೆಗಳು ನಿಂತಿವೆ, ಸೂರ್ಯ ಮುಳುಗುತ್ತಿದ್ದಾನೆ. ಹೀಗಿದ್ದರೆ ಪ್ರೀತಿಗೂ ಮಾಡಲು ಕೆಲಸವಿಲ್ಲ, ಭಯಕ್ಕೂ ಇಲ್ಲ.

ಆದ್ದರಿಂದ ಹನ್ನೊಂದನೆಯ ಅಧ್ಯಾಯವನ್ನು ಸದ್ಯಕ್ಕೆ ಬಿಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ಗಂಡನ ದಿನಚರಿ ಬರೆಯಿರಿ. ಅವಳು ಹೊರಟ ರಾತ್ರಿಯಿಂದ ಅವನು ರಾಂಚ್ ಗೇಟು ದಾಟುವ ದಿನದವರೆಗೆ ಪ್ರತಿದಿನಕ್ಕೂ ಎರಡು ಸಾಲು: ಇವತ್ತು ಅವನಿಗೆ ಏನು ಗೊತ್ತಾಯಿತು, ಏನು ಮಾಡಿದ. ಕಾದಂಬರಿಯಲ್ಲಿ ಇದರ ಕಾಲು ಭಾಗವೂ ಕಾಣಿಸಬೇಕಿಲ್ಲ. ಆದರೆ ಪ್ರತಿ ಪ್ರೇಮದೃಶ್ಯ ಬರೆಯುವ ಮುಂಚೆ ಆ ತಾರೀಖಿನ ಪುಟ ತೆರೆದು ನೋಡಿ. ಇಬ್ಬರೂ ಅಡುಗೆಮನೆಯಲ್ಲಿ ಮೊದಲ ಸಲ ನಕ್ಕ ಹೊತ್ತಿಗೆ ಅವನು ಸ್ಪೋಕೇನ್‌ನ ಪೆಟ್ರೋಲ್ ಬಂಕಿನಲ್ಲಿ ವಿಚಾರಿಸುತ್ತಿದ್ದಾನೆ ಎಂಬುದು ನಿಮಗೆ ಗೊತ್ತಿದ್ದರೆ, ಆ ನಗುವನ್ನು ಬರೆಯುವ ರೀತಿಯೇ ಬದಲಾಗುತ್ತದೆ.

ಮೊದಲು ದಾರಿ. ಸಿಯಾಟಲ್‌ನಿಂದ ಪೂರ್ವಕ್ಕೆ ಹೋಗುವವರು ಹಿಡಿಯುವುದು ಐ-90 ಹೆದ್ದಾರಿ. ಸ್ನೊಕ್ವಾಲ್ಮಿ ಕಣಿವೆದಾರಿ ದಾಟಿ ಸ್ಪೋಕೇನ್‌ಗೆ ಸುಮಾರು 450 ಕಿ.ಮೀ., ಮಿಸೂಲಾಕ್ಕೆ 765, ಬಿಲ್ಲಿಂಗ್ಸ್‌ಗೆ 1,320. ಅಲ್ಲಿಂದ ಐ-94 ಹಿಡಿದು ಮೈಲ್ಸ್ ಸಿಟಿ ಮುಟ್ಟುವಾಗ ಒಟ್ಟು 1,550 ಕಿ.ಮೀ. ಆಗುತ್ತದೆ. ನಿಲ್ಲದೆ ಓಡಿಸಿದರೆ ಹದಿನಾಲ್ಕು ಗಂಟೆ. ಮಾರ್ಚ್‌ನ ಹಿಮದಲ್ಲಿ ಒಬ್ಬಳೇ ಓಡಿಸುವವಳಿಗೆ ಎರಡು ದಿನ. ದಾರಿಯಲ್ಲಿ ಕಡಿಮೆಯೆಂದರೆ ಎರಡು ಸಲ ಪೆಟ್ರೋಲ್ ಹಾಕಿಸಲೇಬೇಕು. ಕಾರ್ಡ್ ಉಜ್ಜಿದಳೇ, ನಗದು ಕೊಟ್ಟಳೇ? ನಗದು ಎಲ್ಲಿಂದ ಬಂತು? ನಿಮ್ಮ ಎರಡನೇ ಅಧ್ಯಾಯದಲ್ಲಿ ಅವಳು ಒಂದೇ ರಾತ್ರಿಯಲ್ಲಿ ಮುಟ್ಟಿಬಿಟ್ಟಿದ್ದಾಳೆ. ಇನ್ನೊಂದು ಸಣ್ಣ ವಿಷಯ: ಇಡಾಹೊ ದಾಟಿ ಮೊಂಟಾನಾಕ್ಕೆ ಕಾಲಿಟ್ಟಾಗ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಗಂಟೆ ಹಿಡಿದು ನಡೆಯುವ ಕಥೆಗಳಲ್ಲಿ ಈ ಒಂದು ಗಂಟೆ ಎಷ್ಟೋ ಸಲ ಲೆಕ್ಕ ಕೆಡಿಸುತ್ತದೆ.

ಮೊಂಟಾನಾ ಎಂದರೆ ಕರ್ನಾಟಕದ ಸುಮಾರು ಎರಡರಷ್ಟು ನೆಲ. 2020ರ ಜನಗಣತಿಯಲ್ಲಿ ಜನ ಬರೀ 10.84 ಲಕ್ಷ. ದನಗಳ ಸಂಖ್ಯೆ ಇದರ ಎರಡರಷ್ಟು. ನಿಮ್ಮ ಕಥೆಗೆ ಪಶ್ಚಿಮದ ಪರ್ವತಗಳಿಗಿಂತ ಪೂರ್ವದ ಹುಲ್ಲುಗಾವಲು ಚೆನ್ನ. ಪರ್ವತಗಳ ಕಡೆ ಪ್ರವಾಸಿಗಳು, ಹೋಟೆಲುಗಳು. ಅಪರಿಚಿತ ಕಾರನ್ನು ಯಾರೂ ತಿರುಗಿ ನೋಡುವುದಿಲ್ಲ. ಪೂರ್ವದಲ್ಲಿ ಗಾರ್ಫೀಲ್ಡ್ ಕೌಂಟಿಯಂಥ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಕಡೆ 12,000 ಚದರ ಕಿ.ಮೀ. ನೆಲದಲ್ಲಿ (ನಮ್ಮ ತುಮಕೂರು ಜಿಲ್ಲೆಗಿಂತ ದೊಡ್ಡದು) ಇದ್ದವರು 1,173 ಜನ. ಹೊರ ರಾಜ್ಯದ ನಂಬರ್ ಪ್ಲೇಟಿನ ಕಾರು ಬೆಳಿಗ್ಗೆ ಬಂದರೆ ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಸುದ್ದಿ. ಇದು ನಾಯಕಿಗೆ ಕಾವಲು, ಅಪಾಯವೂ ಹೌದು. ಆದರೆ ಕೌಂಟಿಗೆ ನಿಜವಾದ ಹೆಸರು ಇಡಬೇಡಿ. ಅಲ್ಲಿ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ, ಚುನಾವಣೆಯಲ್ಲಿ ಗೆದ್ದು ಬರುವವನು, ಆ ಹುದ್ದೆಯಲ್ಲಿರುವವನು ಒಬ್ಬನೇ. ನೀವು ಅವನನ್ನು ಸೋಮಾರಿಯಾಗಿಯೋ ಲಂಚಕೋರನಾಗಿಯೋ ಬರೆದರೆ ಅದು ಬದುಕಿರುವ ಒಬ್ಬ ಮನುಷ್ಯನ ಮೇಲೆ ಹೋಗಿ ಕೂರುತ್ತದೆ. ಕೌಂಟಿ, ರಾಂಚ್ ಕಟ್ಟುಕತೆಯದಾಗಲಿ. ಮೈಲ್ಸ್ ಸಿಟಿ, ಬಿಲ್ಲಿಂಗ್ಸ್, ರಸ್ತೆ, ದೂರಗಳು ನಿಜವಾಗಿರಲಿ.

ಇನ್ನು ಅವನು ಪತ್ತೆ ಹಚ್ಚುವ ಬಗೆ. ಈ ಪ್ರಕಾರದ ಕಥೆಗಳು ಹೆಚ್ಚಾಗಿ ಕುಸಿದು ಬೀಳುವುದು ಇಲ್ಲೇ. 'ಹೇಗೋ ತಿಳಿದುಕೊಂಡ' ಎಂದರೆ ಓದುಗ ಒಪ್ಪುವುದಿಲ್ಲ. ಒಂದೇ ಒಂದು ದಾರಿ ಆರಿಸಿಕೊಳ್ಳಿ, ಅದು ಕೆಲಸ ಮಾಡುವ ಬಗೆ ನಿಮಗೆ ಪೂರ್ತಿ ಗೊತ್ತಿರಲಿ, ಮುಂಚಿನ ಅಧ್ಯಾಯಗಳಲ್ಲಿ ಎರಡು ಸಲ ಸುಳಿವು ಬಿಡಿ.

ಕಾರು ಗಂಡನ ಹೆಸರಿನಲ್ಲಿದ್ದರೆ ಕಂಪನಿಯ ಆ್ಯಪ್‌ನಲ್ಲಿ ಅದು ನಿಂತ ಜಾಗ ಕಾಣುತ್ತದೆ. ಆದರೆ ಅದಕ್ಕೆ ಮೊಬೈಲ್ ಸಿಗ್ನಲ್ ಬೇಕು. ಸಿಗ್ನಲ್ ಸತ್ತ ಮೇಲೆ ತೋರಿಸುವುದು ಕೊನೆಯದಾಗಿ ಸಿಕ್ಕ ಜಾಗ ಮಾತ್ರ. ಹೀಗೆ ಅವನಿಗೆ ಮೈಲ್ಸ್ ಸಿಟಿ ತನಕ ಗೊತ್ತು, ಅದರಾಚೆಯ ನೂರು ಕಿ.ಮೀ. ಗೊತ್ತಿಲ್ಲ. ಸಸ್ಪೆನ್ಸ್‌ಗೆ ಇಂಥ ಅರೆಬರೆ ತಿಳಿವಳಿಕೆಗಿಂತ ಒಳ್ಳೆಯದು ಇಲ್ಲ. ಫೋನ್ ಗಂಡನ ಖಾತೆಯಲ್ಲಿದ್ದರೆ ಕರೆಗಳ ಪಟ್ಟಿ ಅವನ ಕೈಯಲ್ಲಿ. ಅಮೆರಿಕದ 2022ರ ಸೇಫ್ ಕನೆಕ್ಷನ್ಸ್ ಕಾಯ್ದೆಯ ಪ್ರಕಾರ ದೌರ್ಜನ್ಯಕ್ಕೆ ಒಳಗಾದವರು ಕೇಳಿದರೆ ಫೋನ್ ಕಂಪನಿ ಎರಡು ಕೆಲಸದ ದಿನಗಳಲ್ಲಿ ಆ ಸಂಖ್ಯೆಯನ್ನು ಬೇರೆ ಮಾಡಿಕೊಡಬೇಕು. ನಾಯಕಿಗೆ ಇದು ಗೊತ್ತಿರಬೇಕಾಗಿಲ್ಲ, ನಿಮಗೆ ಗೊತ್ತಿರಬೇಕು; ಇಲ್ಲದಿದ್ದರೆ 'ಯಾಕೆ ಹೀಗೆ ಮಾಡಲಿಲ್ಲ' ಎಂದು ಓದುಗರೇ ಕೇಳುತ್ತಾರೆ.

ಏರ್‌ಟ್ಯಾಗ್ (ವಸ್ತು ಎಲ್ಲಿದೆ ಎಂದು ಹುಡುಕಲು ಆ್ಯಪಲ್ ಮಾಡುವ ಸಣ್ಣ ಬಿಲ್ಲೆ) ಬಳಸುವುದಾದರೆ ಅದರ ಗುಣ ತಿಳಿದುಕೊಂಡು ಬಳಸಿ. ಅದರಲ್ಲಿ ಜಿಪಿಎಸ್ ಇಲ್ಲ, ಸಿಮ್ ಇಲ್ಲ. ಹತ್ತಿರ ಹೋದ ಯಾರದಾದರೂ ಆ್ಯಪಲ್ ಫೋನ್ ಅದರ ಬ್ಲೂಟೂತ್ ಸಂಕೇತವನ್ನು ಹಿಡಿದು ಜಾಗವನ್ನು ಮುಟ್ಟಿಸುತ್ತದೆ. ಜನವೇ ಇಲ್ಲದ ಬಯಲಿನಲ್ಲಿ ಅದು ದಿನಗಟ್ಟಲೆ ಮೂಕ. ಅಲ್ಲಿ ಅದಕ್ಕೆ ಬಾಯಿ ಕೊಡುವುದು ರಾಂಚ್ ಮನೆಯ ವೈಫೈಗೆ ಸಿಕ್ಕಿರುವ ನಾಯಕನ ಐಫೋನ್! ಅವಳನ್ನು ಕಾಪಾಡುತ್ತಿರುವವನ ಜೇಬಿನಿಂದಲೇ ಸುಳಿವು ಹೋಗುತ್ತಿದೆ, ಅವನಿಗೆ ಅದರ ಅರಿವಿಲ್ಲ. ಅವಳು ತನ್ನ ಫೋನನ್ನು ಸಿಯಾಟಲ್‌ನಲ್ಲೇ ಬಿಟ್ಟು ಬಂದಿದ್ದರೆ 'ಅಪರಿಚಿತ ಟ್ಯಾಗ್ ಹಿಂಬಾಲಿಸುತ್ತಿದೆ' ಎಂಬ ಎಚ್ಚರಿಕೆಯೂ ಅವಳಿಗೆ ಬರುವುದಿಲ್ಲ. ಆದರೆ ಒಡೆಯನ ಫೋನಿನಿಂದ ಬಹಳ ಹೊತ್ತು ದೂರವಾದ ಟ್ಯಾಗ್ ಅಲುಗಾಡಿಸಿದಾಗ ತಾನೇ ಪೀಪಿಗುಟ್ಟುತ್ತದೆ. ಅದನ್ನು ಎಲ್ಲಿ ಹೊಲಿದಿಟ್ಟಿದ್ದ, ಸದ್ದು ಯಾಕೆ ಕೇಳಲಿಲ್ಲ ಎಂಬುದಕ್ಕೆ ಉತ್ತರ ಇಟ್ಟುಕೊಂಡಿರಿ.

'ಫೋನ್ ಸಿಗ್ನಲ್ ಇಲ್ಲ, ಯಾರನ್ನೂ ಕರೆಯುವ ಹಾಗಿಲ್ಲ' ಎಂಬ ಹಳೆಯ ತಂತ್ರ ಈಗ ಅಷ್ಟು ಸುಲಭವಾಗಿ ನಡೆಯುವುದಿಲ್ಲ. ಐಫೋನ್ 14 ಮತ್ತು ಅದರ ನಂತರದವುಗಳಲ್ಲಿ 2022ರ ನವೆಂಬರ್‌ನಿಂದ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು. ಅದಕ್ಕೆ ತೆರೆದ ಆಕಾಶ ಬೇಕು. ತಗಡಿನ ಕೊಟ್ಟಿಗೆಯೊಳಗಿಂದ ಹೋಗುವುದಿಲ್ಲ. ಅಂದರೆ ಸಹಾಯ ಕೇಳಬೇಕಾದರೆ ಅವಳು ಅಡಗಿದ ಜಾಗ ಬಿಟ್ಟು ಬಯಲಿಗೆ ಬರಬೇಕು. ಹಳೆಯ ತಂತ್ರಕ್ಕಿಂತ ಇದು ನಿಮಗೆ ಹೆಚ್ಚು ಲಾಭ. ರಾಂಚ್ ಮನೆಗಳಲ್ಲಿ ತಂತಿ ಫೋನೂ ಇನ್ನೂ ಇದೆ, ಮರೆಯಬೇಡಿ.

ಇದೆಲ್ಲಕ್ಕಿಂತ ನಾನು ಮೆಚ್ಚುವ ದಾರಿ ಬೇರೆ: ಅವಳನ್ನು ಕಾಯಬೇಕಾದ ಕಾಗದವೇ ಅವಳ ವಿಳಾಸ ಹೇಳುವುದು. ಹೇಗೆಂದು ನೋಡಿ. ಹಿಂಸೆಗೆ ಒಳಗಾದವಳು ನ್ಯಾಯಾಲಯದಿಂದ ರಕ್ಷಣಾ ಆದೇಶ ಪಡೆಯಬಹುದು. ಮೊಂಟಾನಾದಲ್ಲಿ ಅವಳು ತಾತ್ಕಾಲಿಕವಾಗಿ ಇರುವ ಕೌಂಟಿಯಲ್ಲೇ ಅರ್ಜಿ ಹಾಕಬಹುದು. ಎದುರು ಪಕ್ಷದವನನ್ನು ಕೇಳದೆಯೇ ತಾತ್ಕಾಲಿಕ ಆದೇಶ ಸಿಗುತ್ತದೆ. 20 ದಿನದೊಳಗೆ ವಿಚಾರಣೆ. ವಿಳಾಸವನ್ನು ಗುಟ್ಟಾಗಿಡಬಹುದು. ಆದರೆ ಆದೇಶದ ಪ್ರತಿಯನ್ನು ಗಂಡನ ಕೈಗೆ ಮುಟ್ಟಿಸಲೇಬೇಕು, ಅದರ ತಲೆಯ ಮೇಲೆ ನ್ಯಾಯಾಲಯದ ಹೆಸರು, ಕೌಂಟಿಯ ಹೆಸರು ಇರುತ್ತದೆ. ಹತ್ತು ಲಕ್ಷ ಜನರ ಕೌಂಟಿಯಾದರೆ ಅದರಿಂದ ಏನೂ ಆಗುವುದಿಲ್ಲ. ಸಾವಿರ ಜನರ ಕೌಂಟಿಯಲ್ಲಿ ಕಂದುಬಣ್ಣದ, ಹೊಸದಾಗಿ ಬಂದ ಹೆಣ್ಣು ಎಲ್ಲಿದ್ದಾಳೆಂದು ದಿನಸಿ ಅಂಗಡಿಯಲ್ಲಿ ಕೇಳಿದರೆ ಸಾಕು. ಇನ್ನೂ ಒಂದಿದೆ: ಆ ವಿಚಾರಣೆಗೆ ಹಾಜರಾಗುವ ಹಕ್ಕು ಅವನಿಗೂ ಉಂಟು. ಅಂದರೆ ಅವನು ಕಾನೂನುಬದ್ಧವಾಗಿ, ಹೇಳಿದ ತಾರೀಖಿಗೆ ಅದೇ ಊರಿಗೆ ಬರುತ್ತಾನೆ. ಅವಳಿಗೆ ಆ ದಿನ ಗೊತ್ತು, ಓದುಗರಿಗೆ ಗೊತ್ತು. ಅವನು ಮೂರು ದಿನ ಮುಂಚೆ ಬಂದದ್ದು ಮಾತ್ರ ಯಾರಿಗೂ ಗೊತ್ತಿಲ್ಲ.

ಅರ್ಜಿ ಹಾಕಬೇಕೋ ಬೇಡವೋ ಎಂಬ ಅವಳ ಹಿಂಜರಿಕೆಗೂ ಇದರಿಂದ ಅರ್ಥ ಬರುತ್ತದೆ. 'ಪೊಲೀಸರ ಹತ್ತಿರ ಯಾಕೆ ಹೋಗಲಿಲ್ಲ' ಎಂಬ ಪ್ರಶ್ನೆಗೆ ನೀವು ಬರೆದಿರುವ ಉತ್ತರ 'ಮರ್ಯಾದೆಗೆ ಅಂಜಿ'. ಅದು ಸುಳ್ಳಲ್ಲ, ಆದರೆ ಸಾಲದು. ಎಚ್-4 ಹೆಣ್ಣಿನ ಭಯ ಇನ್ನೂ ನಿಖರವಾದದ್ದು: ಅವಳು ಅಲ್ಲಿರುವ ಹಕ್ಕು ಗಂಡನ ಎಚ್-1ಬಿ ಕೆಲಸದ ವೀಸಾಕ್ಕೆ ನೇತುಹಾಕಿದ್ದು, ಪಾಸ್‌ಪೋರ್ಟ್ ಅವನ ಬೀಗದ ಕೆಳಗಿದೆ. ಹೊಸ ಪಾಸ್‌ಪೋರ್ಟ್‌ಗೆ ಹೋಗಬೇಕಾದ ಭಾರತೀಯ ದೂತಾವಾಸ ಯಾವುದು? 2023ರಲ್ಲಿ ತೆರೆದ ಸಿಯಾಟಲ್ ಕಚೇರಿ. ಮೊಂಟಾನಾ ಅದರ ವ್ಯಾಪ್ತಿಯಲ್ಲೇ ಬರುತ್ತದೆ. ಓಡಿ ಬಂದ ಊರಿಗೇ ಅರ್ಜಿ! ಇತ್ತ ಅಪರಾಧಕ್ಕೆ ಒಳಗಾದವರಿಗೆಂದು ಇರುವ ಯು ವೀಸಾ ಕೇಳಬೇಕಾದರೆ ತನಿಖೆಗೆ ನೆರವಾಗಿದ್ದಾಳೆಂದು ಕಾನೂನು ಜಾರಿಯ ಅಧಿಕಾರಿಯೊಬ್ಬರು ಒಂದು ನಮೂನೆಗೆ ಸಹಿ ಹಾಕಬೇಕು. ಆ ವೀಸಾ ವರ್ಷಕ್ಕೆ 10,000 ಮಾತ್ರ, ಸರದಿ ವರ್ಷಗಟ್ಟಲೆ. ಆದರೂ ನಿಮ್ಮ ಶೆರಿಫ್ ಪಾತ್ರಕ್ಕೆ ಬಂದೂಕಿಗಿಂತ ಆ ಸಹಿಯಲ್ಲಿ ಹೆಚ್ಚು ಶಕ್ತಿ ಇದೆ.

ಕೆಲಸದ ಪರವಾನಗಿ ಇಲ್ಲದ ಎಚ್-4 ಹೆಣ್ಣು ರಾಂಚ್‌ನಲ್ಲಿ ಸಂಬಳಕ್ಕೆ ದುಡಿಯುವ ಹಾಗಿಲ್ಲ. 'ದುಡ್ಡು ಬೇಡ, ಊಟ-ವಸತಿ ಕೊಟ್ಟರೆ ಸಾಕು' ಎಂದರೂ ಕಾನೂನಿನ ಕಣ್ಣಿಗೆ ಅದು ಕೆಲಸವೇ. ನಿಮ್ಮ ನಾಲ್ಕನೇ ಅಧ್ಯಾಯದಲ್ಲಿ ನಾಯಕ ಅವಳಿಗೆ ವಾರದ ಸಂಬಳದ ಚೆಕ್ ಬರೆಯುತ್ತಾನೆ. ಆ ಚೆಕ್ ಗಂಡನ ವಕೀಲನ ಕೈಗೆ ಸಿಕ್ಕರೆ ಏನಾದೀತು ಎಂದು ಯೋಚಿಸಿ. ತೆಗೆದುಹಾಕುವ ಬದಲು ಬಳಸಿಕೊಳ್ಳಲೂಬಹುದು. ದೌರ್ಜನ್ಯಕ್ಕೆ ಒಳಗಾದ ಎಚ್-4 ಪತ್ನಿಯರು ಕೆಲಸದ ಪರವಾನಗಿಗೆ ಹಾಕಬಹುದಾದ ಪ್ರತ್ಯೇಕ ಅರ್ಜಿಯೂ ಇದೆ. ಅದನ್ನು ಹೇಳಿಕೊಡುವ ಒಬ್ಬ ವಕೀಲೆ ನಿಮ್ಮ ಕಥೆಯಲ್ಲಿ ಇದ್ದರೆ ನಾಯಕನ ತಲೆಯ ಮೇಲಿನ ಭಾರವೂ ಇಳಿಯುತ್ತದೆ.

ಬಂದೂಕಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಹತ್ತರಲ್ಲಿ ಎರಡು ಅಧ್ಯಾಯ ಅದರ ಮೇಲೆ ನಿಂತಿವೆ. ಕೌಬಾಯ್ ನಾಯಕಿಯ ಹಿಂದೆ ನಿಂತು, ಕೈ ಮೇಲೆ ಕೈಯಿಟ್ಟು ಗುರಿ ಹಿಡಿಯಲು ಕಲಿಸುವ ದೃಶ್ಯ ಈ ಪ್ರಕಾರದಲ್ಲಿ ಬಳಸಿ ಬಳಸಿ ಸವೆದದ್ದು. ನಿಮ್ಮ ನಾಯಕಿಯ ಮಟ್ಟಿಗೆ ಅದು ಅಪರಾಧ ಕೂಡ. ಎಚ್-1ಬಿ, ಎಚ್-4ನಂಥ ತಾತ್ಕಾಲಿಕ ವೀಸಾದವರು ಬಂದೂಕು ಅಥವಾ ಗುಂಡು ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳಿವೆ. ಇದೇ ನಿಯಮ ಗಂಡನಿಗೂ. ಅವನು ಪಿಸ್ತೂಲು ಹಿಡಿದು ಬಂದರೆ ಎಲ್ಲಿಂದ ತಂದ? ಬೇಟೆಯ ಪರವಾನಗಿ ಮೊದಲೇ ಮಾಡಿಸಿಟ್ಟಿದ್ದ ಎಂದರೆ ಅವನ ತಯಾರಿಯ ಆಳ ಒಂದೇ ಸಾಲಿನಲ್ಲಿ ತಿಳಿಯುತ್ತದೆ. ನನ್ನ ಸಲಹೆ: ಅವನಿಗೆ ಬಂದೂಕು ಕೊಡಲೇಬೇಡಿ. ಹಸನ್ಮುಖಿಯಾಗಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು 'ನನ್ನ ಹೆಂಡತಿಗೆ ಮನಸ್ಸು ಸರಿಯಿಲ್ಲ, ಮನೆಗೆ ಕರೆದುಕೊಂಡು ಹೋಗಲು ಬಂದೆ' ಎಂದು ಊರಿನ ಕೆಫೆಯಲ್ಲಿ ಕಾಫಿ ಕುಡಿಯುತ್ತ ಹೇಳುವವನು ಹೆಚ್ಚು ಭಯ ಹುಟ್ಟಿಸುತ್ತಾನೆ.

ರಕ್ಷಣಾ ಆದೇಶ ಇದ್ದವನು ಬಂದೂಕು ಇಟ್ಟುಕೊಳ್ಳಬಾರದೆಂಬ ಕೇಂದ್ರ ನಿಯಮವನ್ನು 2024ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದು ಅನ್ವಯಿಸುವುದು ನೋಟಿಸ್ ಕೊಟ್ಟು ವಿಚಾರಣೆ ನಡೆದ ಮೇಲಿನ ಆದೇಶಕ್ಕೆ. ಗಂಡ ಅಮೆರಿಕದ ಪ್ರಜೆಯಾಗಿರುವ ಕಥೆ ಬರೆಯುವವರಿಗೆ ಆ 20 ದಿನಗಳ ಕಿಂಡಿ ಮುಖ್ಯ. ಇನ್ನು ಹೆಂಡತಿಗೆ ಹೊಡೆಯುವ ಉದ್ದೇಶದಿಂದಲೇ ರಾಜ್ಯದ ಗಡಿ ದಾಟಿ ಬಂದು ಹೊಡೆದರೆ ಅದು ಕೇಂದ್ರ ಅಪರಾಧ. ಎಫ್‌ಬಿಐ ಬರುವುದು ಆಗ. ಸುಮ್ಮನೆ 'ಪ್ರಕರಣ ದೊಡ್ಡದಾಯಿತು' ಎಂದು ಎಫ್‌ಬಿಐ ಬರುವುದಿಲ್ಲ.

ನಾಯಕಿಯ ಕೈಗೆ ಏನು ಕೊಡೋಣ? ಕರಡಿ ಓಡಿಸುವ ಸ್ಪ್ರೇ. ಮೊಂಟಾನಾದಲ್ಲಿ ಹಲವು ಅಂಗಡಿಗಳಲ್ಲಿ ಸಿಗುತ್ತದೆ. ಮೆಣಸಿನ ಖಾರದ ಸಾರ, ಏಳರಿಂದ ಹತ್ತು ಮೀಟರ್ ಚಿಮ್ಮುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಖಾಲಿ. ಎದುರುಗಾಳಿಯಲ್ಲಿ ಹೊಡೆದರೆ ಹೊಡೆದವರ ಕಣ್ಣಿಗೇ ಬರುತ್ತದೆ, ಆ ಬಯಲಿನಲ್ಲಿ ಗಾಳಿಗೆ ಬಿಡುವೇ ಇಲ್ಲ. ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿಕೊಳ್ಳುವ ಅಭ್ಯಾಸವನ್ನು ಹುಲ್ಲು ಹಾಕುವ ಕೆಲಸದಲ್ಲೇ ಅವಳು ಕಲಿತಿರಲಿ.

ಈಗ ರಾಂಚ್. ಮೊದಲು ಯಾರು ಯಾರು ಎಂಬುದು. ನೆಲ, ದನ ಇರುವವನು ರಾಂಚರ್. ಕೂಲಿಗೆ ದುಡಿಯುವವನು ಕೌಬಾಯ್ ಅಥವಾ ಹ್ಯಾಂಡ್. ಅವನ ಸಂಬಳ ಕಡಿಮೆ, ಇರಲು ಮನೆ, ತಿನ್ನಲು ಮಾಂಸ ಸೇರಿಸಿ ಕೊಡುತ್ತಾರೆ. ನಿಮ್ಮ ನಾಯಕ ಒಂದು ಕಡೆ ಕೂಲಿಯವನು, ಇನ್ನೊಂದು ಕಡೆ ಸಾವಿರ ಎಕರೆ ಒಡೆಯ, ಒಂದನ್ನು ಆರಿಸಿ. (ಸಾವಿರ ಎಕರೆ ಅಲ್ಲಿ ದೊಡ್ಡದೂ ಅಲ್ಲ.) 'ನಿಮ್ಮ ಹತ್ತಿರ ಎಷ್ಟು ದನ ಇವೆ' ಎಂದು ಕೇಳುವುದು ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಎಂದು ಕೇಳಿದಂತೆ. ಗಂಡ ಕೆಫೆಯಲ್ಲಿ ಹೀಗೆ ಕೇಳಿ ಹೊರಗಿನವನೆಂದು ಸಿಕ್ಕಿಬೀಳಬಹುದು. ಟೋಪಿ ಚಳಿಗಾಲಕ್ಕೆ ಫೆಲ್ಟಿನದು (ತುಪ್ಪಳ ಅಥವಾ ಉಣ್ಣೆ ಒತ್ತಿ ಮಾಡಿದ್ದು), ಬೇಸಿಗೆಗೆ ಹುಲ್ಲಿನದು.

ನಿಮ್ಮ ಕಥೆ ಯಾವ ತಿಂಗಳಲ್ಲಿ ನಡೆಯುತ್ತದೆಂದು ಹತ್ತು ಅಧ್ಯಾಯದಲ್ಲಿ ಎಲ್ಲೂ ಇಲ್ಲ. ರಾಂಚ್‌ನಲ್ಲಿ ತಿಂಗಳು ಗೊತ್ತಾದರೆ ಕೆಲಸ ಗೊತ್ತಾಗುತ್ತದೆ. ಜೂನ್‌ನಲ್ಲಿ ಹೋರಿ ಬಿಟ್ಟರೆ ಸುಮಾರು 283 ದಿನಕ್ಕೆ, ಅಂದರೆ ಮಾರ್ಚ್-ಏಪ್ರಿಲ್‌ನಲ್ಲಿ ಹಸುಗಳು ಈಯುತ್ತವೆ. ಮೇ ಕೊನೆಗೆ ಕರುಗಳಿಗೆ ಬರೆ ಹಾಕಿ ಲಸಿಕೆ ಚುಚ್ಚುತ್ತಾರೆ, ಗಂಡುಕರುಗಳ ಬೀಜ ತೆಗೆಯುತ್ತಾರೆ. ಜುಲೈ-ಆಗಸ್ಟ್ ಹುಲ್ಲು ಕೊಯ್ದು ಒಣಗಿಸುವ ಕಾಲ. ಅಕ್ಟೋಬರ್‌ನಲ್ಲಿ ಕರುಗಳನ್ನು ತಾಯಿಯಿಂದ ಬಿಡಿಸಿ ಮಾರುತ್ತಾರೆ. ಚಳಿಗಾಲದಲ್ಲಿ ಪ್ರತಿ ಹಸುವಿಗೆ ದಿನಕ್ಕೆ ಹನ್ನೆರಡು-ಹದಿಮೂರು ಕಿಲೋ ಒಣಹುಲ್ಲು ಹಾಕಬೇಕು, ನೀರಿನ ಮೇಲಿನ ಮಂಜುಗಡ್ಡೆ ಒಡೆಯಬೇಕು.

ಮಾರ್ಚ್ ಎರಡನೇ ವಾರ ಅವಳು ಬರಲಿ. ಕಡಸುಗಳು, ಅಂದರೆ ಮೊದಲ ಸಲ ಈಯುವವು, ಆಗ ಶುರುಮಾಡಿರುತ್ತವೆ. ರಾತ್ರಿಯೆಲ್ಲ ಎರಡು-ಮೂರು ಗಂಟೆಗೊಮ್ಮೆ ಯಾರಾದರೂ ಎದ್ದು ಹೋಗಿ ನೋಡಬೇಕು. ಭಯದಿಂದ ನಿದ್ದೆ ಬಾರದ ಹೆಣ್ಣಿಗೆ ಈ ರಾತ್ರಿ ಪಾಳಿ ಸಹಜವಾಗಿ ಹೊಂದುತ್ತದೆ. ಇಬ್ಬರೂ ಒಂದೇ ಟಾರ್ಚ್ ಬೆಳಕಿನಲ್ಲಿ ಮಾತಿಲ್ಲದೆ ನಿಲ್ಲುವುದಕ್ಕೂ ಕಾರಣ ಸಿಗುತ್ತದೆ.

ಕಷ್ಟದ ಹೆರಿಗೆಯ ದೃಶ್ಯ ಬರೆಯಿರಿ, ಕ್ರಮ ಹೀಗೆ. ನೀರಿನ ಚೀಲ ಕಂಡ ಮೇಲೆ ಕಡಸು ಒಂದು ಗಂಟೆ ತಿಣುಕಿದರೂ ಮುಂದುವರಿಯದಿದ್ದರೆ ಕೈ ಹಾಕುತ್ತಾರೆ. ಎರಡು ಮುಂಗಾಲು, ಅದರ ಮೇಲೆ ಮೂತಿ ಇದ್ದರೆ ಸರಿ. ಗೊರಸಿನ ಅಡಿ ಮೇಲ್ಮುಖವಾಗಿದ್ದರೆ ಅವು ಹಿಂಗಾಲುಗಳಿರಬೇಕು ಅಥವಾ ಕರು ಅಂಗಾತ ಇರಬೇಕು. ತೊಳೆದ ಸರಪಳಿಯನ್ನು ಗೊರಸಿನ ಮೇಲಿನ ಗೆಣ್ಣಿಗಿಂತ ಮೇಲೆ ಒಂದು ಸುತ್ತು, ಕೆಳಗೆ ಒಂದು ಕುಣಿಕೆ ಹಾಕುತ್ತಾರೆ. ಒಂದೇ ಸುತ್ತಾದರೆ ಕಾಲು ಮುರಿಯಬಹುದು. ಕಡಸು ತಿಣುಕಿದಾಗ ಮಾತ್ರ, ಒಂದೊಂದು ಕಾಲನ್ನು ಸರದಿಯಲ್ಲಿ ಎಳೆಯಬೇಕು, ತಲೆ, ಭುಜ ಹೊರಬಂದ ಮೇಲೆ ಕೆಳಮುಖವಾಗಿ. ನಾಯಕ ಅವಸರದಲ್ಲಿ ಪಿಕಪ್‌ಗೆ ಹಗ್ಗ ಕಟ್ಟಿ ಎಳೆದನೆಂದು ಬರೆದರೆ ದನ ಸಾಕಿದ ಓದುಗರು ಪುಸ್ತಕ ಮುಚ್ಚಿಡುತ್ತಾರೆ. ಹೊರಬಂದ ಕರುವನ್ನು ಎದೆಯ ಮೇಲೆ ಕೂರಿಸಿ ಮೂಗಿಗೆ ಹುಲ್ಲುಕಡ್ಡಿ ತೂರಿಸಿದರೆ ಸೀನಿ ಉಸಿರೆಳೆಯುತ್ತದೆ, ತಲೆಕೆಳಗಾಗಿ ನೇತುಹಾಕಬಾರದು. ಹೊಕ್ಕುಳಿಗೆ ಅಯೋಡಿನ್. ಕರುವಿನ ಮೈ 37.8 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ತಣ್ಣಗಾಗುತ್ತಿದೆ ಎಂದರ್ಥ, 34ಕ್ಕೆ ಬಂದರೆ ಸಾವಿನ ಬಾಗಿಲು. ಆಗ ಮನೆಯ ಸ್ನಾನದ ತೊಟ್ಟಿಯಲ್ಲಿ 38-40 ಡಿಗ್ರಿಯ ನೀರಿನಲ್ಲಿ, ಮೂತಿ ಮೇಲೆ ಹಿಡಿದು ಕೂರಿಸುತ್ತಾರೆ. ನಾಲ್ಕು ಗಂಟೆಯೊಳಗೆ ಎರಡು ಲೀಟರ್ ಗಿಣ್ಣುಹಾಲು ಹೊಟ್ಟೆಗೆ ಹೋಗಬೇಕು. ಮೂವತ್ತೈದು ಕಿಲೋ ತೂಕದ ಒದ್ದೆ ಕರುವನ್ನು ಇಬ್ಬರು ಹಿಡಿದುಕೊಂಡು ಇಡೀ ಬೆಳಗು ಕೂರುವ ಆ ದೃಶ್ಯದಲ್ಲಿ ಮೊದಲ ಸ್ಪರ್ಶಕ್ಕೆ ಬೇರೆ ನೆಪ ಬೇಡ.

ನಾಯಕಿ ಹಾಸನದ ಕಡೆಯ ದನ ಕಟ್ಟಿದ ಮನೆಯವಳೆಂದು ಬರೆದಿದ್ದೀರಿ, ಅದನ್ನು ಬಳಸಿಕೊಂಡಿಲ್ಲ. ಗಿಣ್ಣು ಅವಳಿಗೆ ಹೊಸದಲ್ಲ. ಆದರೆ ಕೊಟ್ಟಿಗೆಯ ಹಸುವಿನ ಪರಿಚಯ ಅಲ್ಲಿ ಅರ್ಧ ಮಾತ್ರ ನೆರವಿಗೆ ಬರುತ್ತದೆ. ಬಯಲಲ್ಲಿ ಬೆಳೆದ ಆಂಗಸ್ ತಳಿಯ ಹಸು ಕರು ಹಾಕಿದ ಮೇಲೆ ಹತ್ತಿರ ಬಂದವರನ್ನು ಗುದ್ದಿ ಕೆಡವುತ್ತದೆ. ಬೇಲಿ ಎಷ್ಟು ಹೆಜ್ಜೆ ದೂರ ಎಂದು ನೋಡಿಕೊಂಡೇ ಒಳಗೆ ಹೋಗಬೇಕು. ಮತ್ತೊಂದು ಮಾತು: ಈ ಕರುಗಳು ಹೋಗುವುದು ಮಾಂಸದ ಮಾರುಕಟ್ಟೆಗೆ. ಕನ್ನಡದ ಓದುಗರು ಇದನ್ನು ಕೇಳಿಯೇ ಕೇಳುತ್ತಾರೆ, ನಾಯಕಿಯ ಮನಸ್ಸೂ ಕೇಳಬೇಕು. ನೀವು ಇದರ ಸುತ್ತ ಹಾದುಹೋಗಿದ್ದೀರಿ. ತೊಟ್ಟಿಯಲ್ಲಿ ಬದುಕಿಸಿದ ಕರುವಿನ ಕಿವಿಯಲ್ಲಿ ಸಂಖ್ಯೆಯ ಬಿಲ್ಲೆ ನೋಡಿ ಅವಳು ಆ ಪ್ರಶ್ನೆ ಕೇಳಲಿ, ನಾಯಕ ಸುಳ್ಳು ಹೇಳದೆ ಉತ್ತರಿಸಲಿ. ಸಿಹಿಸುಳ್ಳುಗಳ ಗಂಡನಿಂದ ಓಡಿಬಂದವಳು ನಂಬಿಕೆ ಇಡಲು ಶುರುಮಾಡುವುದು ಇಂಥ ಕಹಿ ಉತ್ತರದಿಂದ.

ಕುದುರೆಯ ಬಗ್ಗೆ ಚುಟುಕಾಗಿ: ನಡಿಗೆಯಲ್ಲಿ ಗಂಟೆಗೆ ಆರು ಕಿ.ಮೀ., ಕುಕ್ಕುಲೋಟದಲ್ಲಿ ಹದಿಮೂರು. ನಲವತ್ತು ಕಿ.ಮೀ. ವೇಗದ ನಾಗಾಲೋಟ ಎರಡು-ಮೂರು ಕಿ.ಮೀ. ಮಾತ್ರ, ಆಮೇಲೆ ಏದುಸಿರು. ನಿಮ್ಮ ಏಳನೇ ಅಧ್ಯಾಯದಲ್ಲಿ ಇಬ್ಬರನ್ನು ಹೊತ್ತ ಒಂದೇ ಕುದುರೆ ರಾತ್ರಿಯಿಡೀ ಓಡುತ್ತದೆ. ಜೀನು ಬಿಗಿದ ಮೇಲೆ ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಿ ಹೊಟ್ಟೆಪಟ್ಟಿಯನ್ನು ಮತ್ತೊಮ್ಮೆ ಬಿಗಿಯಬೇಕು. ಮರೆತರೆ ಹತ್ತುವಾಗಲೇ ಜೀನು ಪಕ್ಕಕ್ಕೆ ಜಾರುತ್ತದೆ. ಎರಡು ವಾರ ಸವಾರಿ ಕಲಿತವಳು ನಾಗಾಲೋಟದಲ್ಲಿ ಬೀಳುತ್ತಾಳೆ. ನಿತ್ಯದ ಅರ್ಧ ಕೆಲಸ ಪಿಕಪ್‌ನಲ್ಲೂ ನಾಲ್ಕು ಚಕ್ರದ ಎಟಿವಿಯಲ್ಲೂ ನಡೆಯುತ್ತದೆ.

ಪ್ರೀತಿಯ ವಿಷಯದಲ್ಲಿ ನಿಮ್ಮ ದೊಡ್ಡ ತೊಂದರೆ ಒಂದೇ: ನಾಯಕ ಎರಡನೇ ಗಂಡನಂತೆ ವರ್ತಿಸುತ್ತಾನೆ. 'ನಾನು ಹೇಳುವ ತನಕ ಈ ಮನೆಯಿಂದ ಹೊರಗೆ ಕಾಲಿಡಬೇಡ' ಎನ್ನುತ್ತಾನೆ, ಅವಳ ಕಾರಿನ ಕೀ ತೆಗೆದಿಟ್ಟುಕೊಳ್ಳುತ್ತಾನೆ, ಶೆರಿಫ್ ಹೇಳಿದ ಸುದ್ದಿ ಅವಳಿಗೆ ಮುಟ್ಟಿಸುವುದಿಲ್ಲ, ಎಲ್ಲ ಅವಳ ಒಳ್ಳೆಯದಕ್ಕೆ. ಗಂಡನೂ ಇದನ್ನೇ ಹೇಳುತ್ತಿದ್ದ. ಇಬ್ಬರು ಗಂಡಸರ ವ್ಯತ್ಯಾಸ ಮಾತಿನಲ್ಲಿ ಅಲ್ಲ, ಕೀಲಿಯಲ್ಲಿ ಕಾಣಬೇಕು. ಬಂದ ದಿನವೇ ಕೋಣೆಯ ಒಳಚಿಲಕ ತೋರಿಸಲಿ. ಪಿಕಪ್‌ನ ಕೀ ಎಲ್ಲಿ ನೇತುಹಾಕಿರುತ್ತದೆ, ಟ್ಯಾಂಕ್ ತುಂಬಿದೆ, ಹೆದ್ದಾರಿ ಎತ್ತ ಎಂದು ಹೇಳಲಿ. ಹೋಗುವ ದಾರಿ ತೆರೆದಿದ್ದೂ ಅವಳು ನಿಂತರೆ ಅದು ಪ್ರೀತಿ. ನೀವು ಸಂಭಾಷಣೆಯಲ್ಲಿ ಅವನಿಂದ ಮೊದಲ ಪುಟದಿಂದಲೇ ಅವಳಿಗೆ 'ನೀನು' ಎನಿಸಿದ್ದೀರಿ. ಅವರು ಇಂಗ್ಲಿಷಿನಲ್ಲಿ ಮಾತಾಡಿದರೂ ಓದುವುದು ಕನ್ನಡದಲ್ಲಿ. ಬಹಳ ದಿನ 'ನೀವು' ಇರಲಿ. ಯಾವಾಗ ಬದಲಿಸಬೇಕೆಂದು ಅವಳೇ ತೀರ್ಮಾನಿಸಲಿ, ಅವಳೇ ಮೊದಲು ಬದಲಿಸಲಿ.

ಇನ್ನು ಕ್ಲೈಮ್ಯಾಕ್ಸ್. ಪೂರ್ವ ಮೊಂಟಾನಾದ ಮಣ್ಣು ಒದ್ದೆಯಾದರೆ ನಮ್ಮ ಗದಗ, ಧಾರವಾಡದ ಎರೆಮಣ್ಣಿನ ಹಾಗೆಯೇ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ, ಬಿಡಿಸಿದರೂ ಬಿಡದು. ಅಲ್ಲಿ ಅದನ್ನು ಗಂಬೋ ಎನ್ನುತ್ತಾರೆ. ಹಿಮ ಕರಗುವ ಕಾಲದಲ್ಲಿ ರಾಂಚ್‌ನವರು ಬೆಳಗಿನ ಜಾವ ನೆಲ ಹೆಪ್ಪುಗಟ್ಟಿರುವಾಗಲೇ ಓಡಾಡಿ ಮುಗಿಸುತ್ತಾರೆ. ಮಧ್ಯಾಹ್ನ ಬಾಡಿಗೆ ಕಾರಿನಲ್ಲಿ ಬರುವವನು ಗೇಟಿನಿಂದ ಮೂರು ಕಿ.ಮೀ. ದೂರದಲ್ಲಿ ಹೂತುಹೋಗುತ್ತಾನೆ, ನಡೆದು ಬರಬೇಕಾಗುತ್ತದೆ. ಅವನು ಬರುವುದು ನಿಶ್ಚಿತ, ಹೊರಟುಹೋಗಲು ಅವನಿಗೂ ದಾರಿಯಿಲ್ಲ. ಈ ಸಂಗತಿಯನ್ನು ಮೂರನೇ ಅಧ್ಯಾಯದಲ್ಲೇ ನಾಯಕಿಯ ಕಾರು ಹೂತ ನೆಪದಲ್ಲಿ ಹೇಳಿಬಿಡಿ.

ಅವನು ಜಾಣನಾದರೆ ಬೆಳಗಿನ ಜಾವವೇ ಬರುತ್ತಾನೆ. ದನ ದಾಟದಂತೆ ರಸ್ತೆಗೆ ಅಡ್ಡಲಾಗಿ ಹಾಸಿದ ಕಬ್ಬಿಣದ ಕೊಳವೆಗಳ ಜಾಲರಿ ಬಹಳಷ್ಟು ರಾಂಚ್‌ಗಳ ಬಾಗಿಲಲ್ಲಿ ಇರುತ್ತದೆ, ಅದರ ಹೆಸರು ಕ್ಯಾಟಲ್ ಗಾರ್ಡ್. ಅದರ ಮೇಲೆ ಚಕ್ರ ಹೋದರೆ ಗಡಗಡ ಸದ್ದು ದೂರಕ್ಕೆ ಕೇಳುತ್ತದೆ. ಮನೆಯವರ ಪಿಕಪ್ ಎಷ್ಟು ಹೊತ್ತಿಗೆ ದಾಟುತ್ತದೆಂದು ಅವಳಿಗೆ ಆ ಹೊತ್ತಿಗೆ ರೂಢಿಯಾಗಿರಲಿ. ಎಂಬತ್ತು ಕಿ.ಮೀ. ಜಲ್ಲಿರಸ್ತೆಯಲ್ಲಿ ಶೆರಿಫ್ ಬರಲು ಗಂಟೆಗೂ ಮೀರಿ ಬೇಕು, ಹದಿನೈದು ಕಿ.ಮೀ. ಆಚೆಯ ನೆರೆಯವರು ಮೊದಲು ಬರುತ್ತಾರೆ. ನಾಯಕನನ್ನು ಸತ್ತವನಂತೆ ಮೂಲೆಗೆ ಹಾಕಬೇಕಿಲ್ಲ, ಆದರೆ ಅವನು ಆಗ ದೂರದ ಹುಲ್ಲುಗಾವಲಿನಲ್ಲಿ ಹುಲ್ಲು ಹಾಕುತ್ತಿರಲಿ, ಅದು ದಿನವೂ ಇರುವ ಕೆಲಸ. ಆ ನಲವತ್ತು ನಿಮಿಷ ಅವಳದು. ಅವಳ ಬಳಿ ಈ ಮೂರು ವಾರದಲ್ಲಿ ಕಲಿತದ್ದೆಲ್ಲ ಇದೆ: ಗಾಳಿಯ ದಿಕ್ಕು, ಸ್ಪ್ರೇ, ಯಾವ ಕೊಟ್ಟಿಗೆಯಲ್ಲಿ ನಿನ್ನೆ ಕರು ಹಾಕಿದ ಹಸು ಇದೆ ಎಂಬ ತಿಳಿವಳಿಕೆ. ಆ ಹಸು ಇರುವ ಅಂಕಣದೊಳಗೆ ಅವನು ಅವಳನ್ನು ಹಿಡಿಯಲು ನುಗ್ಗಿದರೆ ಮಿಕ್ಕದ್ದನ್ನು ಹಸುವೇ ನೋಡಿಕೊಳ್ಳುತ್ತದೆ.

ಅವನು ಸಾಯಬೇಕಿಲ್ಲ. ಸತ್ತರೆ ತನಿಖೆ, ಶವಪರೀಕ್ಷೆ, ಹೇಳಿಕೆಗಳು ಬರುತ್ತವೆ; ಅವನ್ನೆಲ್ಲ ಬಿಟ್ಟು ಮರುದಿನವೇ ಚುಂಬನಕ್ಕೆ ಹಾರಿದರೆ ಓದುಗರು ನಂಬುವುದಿಲ್ಲ. ಪಕ್ಕೆಲುಬು ಮುರಿದು, ಕೆಸರಲ್ಲಿ ಬಿದ್ದು, ಆದೇಶ ಮುರಿದ ಕೈದಿಯಾಗಿ ಆಸ್ಪತ್ರೆಗೆ ಹೋದರೆ ವಿಚಾರಣೆಯ ದಿನ ಅವಳು ಹೇಳಿಕೆ ಕೊಡುವ ದೃಶ್ಯವೂ ನಿಮಗೆ ಸಿಗುತ್ತದೆ. ಈ ಪ್ರಕಾರದಲ್ಲಿ ಪ್ರೀತಿ ಸುಖಾಂತ್ಯವಾಗಲೇಬೇಕು, ಅದು ಓದುಗರ ಜೊತೆಗಿನ ಕರಾರು. ಅದಕ್ಕೆ ಜಾಗ ಮೇ ತಿಂಗಳಲ್ಲಿ ಇದೆ. ಮೂರನೇ ವಾರಾಂತ್ಯ ಮೈಲ್ಸ್ ಸಿಟಿಯಲ್ಲಿ ಬಕಿಂಗ್ ಹಾರ್ಸ್ ಸೇಲ್ ಎಂಬ ದೊಡ್ಡ ಜಾತ್ರೆ, ಊರಿಗೆ ಊರೇ ಅಪರಿಚಿತರು. ತಿಂಗಳ ಕೊನೆಗೆ ರಾಂಚ್‌ನಲ್ಲಿ ಬರೆ ಹಾಕುವ ದಿನ, ನೆರೆಯವರೆಲ್ಲ ಮುಯ್ಯಾಳಾಗಿ ಬರುತ್ತಾರೆ, ಒಬ್ಬರೂ ಅಪರಿಚಿತರಲ್ಲ. ಜಾತ್ರೆಯ ಗುಂಪಿನಲ್ಲಿ ಅವಳು ಇನ್ನೂ ಬೆಚ್ಚಿ ತಿರುಗಿ ನೋಡಲಿ. ಬರೆ ಹಾಕುವ ದಿನ ಲಸಿಕೆಯ ಸಿರಿಂಜು ಅವಳ ಕೈಯಲ್ಲಿರಲಿ.

ಉದ್ದದ ಬಗ್ಗೆ: 1984ರಲ್ಲಿ ಹಾರ್ಲೆಕ್ವಿನ್ ಪ್ರಕಾಶನ ಸಂಸ್ಥೆ ಶುರುಮಾಡಿದ ಇಂಟ್ರಿಗ್ ಎಂಬ ರೊಮ್ಯಾಂಟಿಕ್ ಸಸ್ಪೆನ್ಸ್ ಮಾಲಿಕೆಯ ಪುಸ್ತಕಗಳು ಇಂಗ್ಲಿಷಿನಲ್ಲಿ ಸುಮಾರು 55,000 ಪದದವು. ಕನ್ನಡದಲ್ಲಿ ಪದಗಳು ಕೂಡಿಕೊಳ್ಳುವುದರಿಂದ ಇಷ್ಟೇ ಕಥೆ ನಲವತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯಬೇಕು. ನಿಮ್ಮ ಹತ್ತು ಅಧ್ಯಾಯವೇ ಮೂವತ್ತು ಸಾವಿರ ದಾಟಿದೆ, ಗಂಡ ಇನ್ನೂ ಸಿಯಾಟಲ್ ಬಿಟ್ಟಿಲ್ಲ. ಸೂರ್ಯಾಸ್ತಗಳನ್ನು ಕತ್ತರಿಸಿ. ರಕ್ಷಣಾ ಆದೇಶದ ಅರ್ಜಿ ಇಡೀ ಪುಸ್ತಕದ ನಟ್ಟನಡುವೆ ಬರಲಿ. ತಿದ್ದುವಾಗ ಎರಡನೇ ಅಧ್ಯಾಯದ ದಾರಿಯಿಂದ ಶುರುಮಾಡಿ, ಆಮೇಲೆ ನಾಲ್ಕರ ಚೆಕ್, ಏಳರ ಕುದುರೆ. ಬಂದೂಕಿನ ಎರಡು ಅಧ್ಯಾಯಗಳ ಜಾಗದಲ್ಲಿ ಕಡಸಿನ ಹೆರಿಗೆ ಬರೆಯಿರಿ.